ಘಾಟಿ ಮೇಲಿನ ಗಾಳಿಗೆ ಗವರ್ನರ್ ಹೊಂದಿಸುವುದು: ಲೈನ್ ವಿಮಾನದ ಇಎಸ್‌ಸಿ ಸೆಟ್ಟಿಂಗ್

ಕಂಟ್ರೋಲ್ ಲೈನ್ ವಿಮಾನ ಎಂದರೆ ಉಕ್ಕಿನ ತಂತಿಗೆ (ಲೈನ್) ಕಟ್ಟಿ ನಮ್ಮ ಸುತ್ತ ಹಾರಿಸುವ ಮಾದರಿ ವಿಮಾನ. ಅದರಲ್ಲಿ ಥ್ರಾಟಲ್ ನಮ್ಮ ಕೈಯಲ್ಲಿರುವುದಿಲ್ಲ. ಹ್ಯಾಂಡಲ್ ಹಿಡಿದವರು ಮೂಗು ಮೇಲೆ ಕೆಳಗೆ ಮಾಡಬಹುದು, ಅಷ್ಟೇ. ಮೋಟಾರ್ ಎಷ್ಟು ವೇಗದಲ್ಲಿ ತಿರುಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನೆಲ್ಲ ನೆಲದ ಮೇಲಿರುವಾಗಲೇ ಟೈಮರ್‌ಗೂ ಇಎಸ್‌ಸಿಗೂ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನ) ಹೇಳಿ ಕಳಿಸಬೇಕು. ಒಮ್ಮೆ ಬಿಟ್ಟ ಮೇಲೆ ಐದೂವರೆ ನಿಮಿಷ ತಿದ್ದುವ ಮಾತೇ ಇಲ್ಲ.

ಇಲ್ಲಿನ ಲೆಕ್ಕವೆಲ್ಲ ಸಾಮಾನ್ಯ ಸ್ಟಂಟ್ ವಿಮಾನದ್ದು: ತೂಕ 1.6 ಕೆಜಿ, 60 ಅಡಿ ಲೈನ್, 4 ಸೆಲ್‌ನ 2700 ಎಂಎಎಚ್ ಲಿಪೊ, 900 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 900 ಸುತ್ತು) ಔಟ್‌ರನ್ನರ್ (ಹೊರಕವಚ ತಿರುಗುವ ಮೋಟಾರ್), ಗವರ್ನರ್ (ಮೋಟಾರಿನ ವೇಗವನ್ನು ಒಂದೇ ಸಮ ಇಡುವ ವ್ಯವಸ್ಥೆ) ಇರುವ 60 ಆಂಪಿಯರ್ ಇಎಸ್‌ಸಿ, 11×5.5 ಪ್ರೊಪೆಲ್ಲರ್ (ವ್ಯಾಸ 11 ಇಂಚು; ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ, 5.5 ಇಂಚು).

ಆರ್‌ಪಿಎಂ (ಮೋಟಾರ್ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟಿಡಬೇಕು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಕೇಳಬೇಕಾದದ್ದು ವಿಮಾನದ ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಅಂತ. ಲೈನ್, ತೋಳು ಎಲ್ಲ ಸೇರಿ ತ್ರಿಜ್ಯ ಸುಮಾರು 19 ಮೀಟರ್, ಸುತ್ತಳತೆ ಸುಮಾರು 119 ಮೀಟರ್. ಸುತ್ತಿಗೆ 5.2 ಸೆಕೆಂಡ್ ಎಂದರೆ ಸೆಕೆಂಡಿಗೆ 23 ಮೀಟರ್, ಅಂದರೆ ಗಂಟೆಗೆ 83 ಕಿಮೀ ಹತ್ತಿರ. ಆ ವೇಗದಲ್ಲಿ ಲೈನ್ ಮೇಲೆ ಬೀಳುವ ಎಳೆತ ಸುಮಾರು ನಾಲ್ಕೂವರೆ ಕೆಜಿ. ತಲೆಯ ಮೇಲೆ ಹಾಯುವಾಗ ಕೈಗೆ ಧೈರ್ಯ ಕೊಡುವುದು ಇದೇ ಎಳೆತ. 11×5.5ಕ್ಕೆ 10,000 ಆರ್‌ಪಿಎಂನಿಂದ ಶುರು ಮಾಡಿ. ನೆಲಮಟ್ಟದ ಹಾರಾಟದಲ್ಲಿ ಐದು ಸುತ್ತಿಗೆ ಸ್ಟಾಪ್‌ವಾಚ್ ಒತ್ತಿ ಐದರಿಂದ ಭಾಗಿಸಿ. 100 ಆರ್‌ಪಿಎಂ ಎಂದರೆ ಶೇ. 1, ಹಾಗಾಗಿ ಸುತ್ತಿಗೆ 0.1 ಸೆಕೆಂಡ್ ಕಡಿಮೆಯಾಗಬೇಕಾದರೆ ಸುಮಾರು 200 ಆರ್‌ಪಿಎಂ ಏರಿಸಬೇಕು.

ಇಎಸ್‌ಸಿಯಲ್ಲಿ ನೇರವಾಗಿ ಆರ್‌ಪಿಎಂ ತುಂಬುವ ವ್ಯವಸ್ಥೆ ಇದ್ದರೆ ಮೋಟಾರಿನ ಪೋಲ್ ಸಂಖ್ಯೆ ಕೇಳುತ್ತದೆ. 12ಎನ್14ಪಿ ಎಂದು ಬರೆದ ಮೋಟಾರಿನಲ್ಲಿ 12 ಅಂದರೆ ತಂತಿ ಸುತ್ತಿದ ಹಲ್ಲುಗಳು, 14 ಅಂದರೆ ಅಯಸ್ಕಾಂತಗಳು. ತುಂಬಬೇಕಾದದ್ದು 14. ಅದರ ಬದಲು 12 ತುಂಬಿ 10,000 ಕೇಳಿದರೆ ಸಿಗುವುದು 8,571. ವಿಮಾನ ತೂಕಡಿಸುತ್ತಾ ಹಾರುತ್ತದೆ, ತಪ್ಪು ಬ್ಯಾಟರಿಯ ತಲೆಗೆ ಕಟ್ಟಲಾಗುತ್ತದೆ. ಸಂಶಯವಿದ್ದರೆ ಮೋಟಾರಿನ ಹೊರಕವಚದ (ಬೆಲ್) ಒಳಗೆ ಇಣುಕಿ ಅಯಸ್ಕಾಂತ ಎಣಿಸಿಬಿಡಿ. ಆರ್‌ಪಿಎಂ ಅಳೆಯುವ ಟ್ಯಾಕೊಮೀಟರನ್ನು ನಂಬುವ ಮುಂಚೆ ಅದನ್ನೂ ಒಮ್ಮೆ ಪರೀಕ್ಷಿಸಿ: ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿಗೆ ಹಿಡಿದರೆ, ಎರಡು ಬ್ಲೇಡಿನ ಸೆಟ್ಟಿಂಗಿನಲ್ಲಿ 3,000 ತೋರಿಸಬೇಕು. ನಮ್ಮ ಕರೆಂಟ್ 50 ಹರ್ಟ್ಸ್, ಬೆಳಕು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು.

ಇನ್ನು ಮುಖ್ಯ ವಿಷಯ. ಗವರ್ನರ್ ವೇಗವನ್ನು ಕಾಯುತ್ತದೆ, ಆದರೆ ಬ್ಯಾಟರಿಯಲ್ಲಿ ಇಲ್ಲದ್ದನ್ನು ಎಲ್ಲಿಂದ ತಂದೀತು? ಪ್ಯಾಕ್ ಖಾಲಿಯಾಗುತ್ತ ಬಂದಾಗ ಲೋಡಿನಲ್ಲಿ ಸೆಲ್ಲಿಗೆ 3.5 ವೋಲ್ಟ್ ಉಳಿದಿರುತ್ತದೆ, ನಾಲ್ಕಕ್ಕೆ 14. ಮೋಟಾರ್, ತಂತಿ, ಇಎಸ್‌ಸಿ ನುಂಗುವುದನ್ನು ಕಳೆಯಲು 0.88ರಿಂದ ಗುಣಿಸಿ. 900 ಕೆವಿಗೆ 11,088 ಬರುತ್ತದೆ. 10,000ಕ್ಕೆ ಇದು ಸಾಕು, ಸುಮಾರು ಶೇ. 10 ಮೇಲುಜಾಗ ಉಳಿಯಿತು. ಅದೇ 800 ಕೆವಿ ಮೋಟಾರಿಗೆ 9,856. ಮೊದಲ ಮೂರು ನಿಮಿಷ ಚೆನ್ನಾಗಿ ಹಾರುತ್ತದೆ, ಕೊನೆಯ ಕಸರತ್ತಾದ ಕ್ಲೋವರ್‌ಲೀಫ್ ಹೊತ್ತಿಗೆ ಮೇಲೇರುವಾಗ ಸೊರಗುತ್ತದೆ. "ಗವರ್ನರ್ ಸರಿ ಇಲ್ಲ" ಎಂಬ ದೂರುಗಳಲ್ಲಿ ಹೆಚ್ಚಿನವು ಇಂಥವೇ. ಹಾರಾಟದ ಶುರುವಿನ ಐದು ಸುತ್ತು, ಕೊನೆಯ ಐದು ಸುತ್ತು ಎರಡನ್ನೂ ಅಳೆದು ನೋಡಿ. ಸುತ್ತಿಗೆ 0.1 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಗೇನ್ (ವೇಗ ತಪ್ಪಿದಾಗ ಗವರ್ನರ್ ಎಷ್ಟು ಜೋರಾಗಿ ತಿದ್ದಬೇಕೆಂಬ ಸೆಟ್ಟಿಂಗ್) ಮುಟ್ಟಬೇಡಿ, ಮೇಲುಜಾಗ ನೋಡಿ. ಹಾಗಂತ 1,200 ಕೆವಿ ಹಾಕುವುದೂ ತಪ್ಪು. ಹಾರಾಟವಿಡೀ ಅರ್ಧ ಚಿಲ್ಲರೆ ಥ್ರಾಟಲಿನಲ್ಲಿ ಓಡುವ ಇಎಸ್‌ಸಿ ಸುಮ್ಮನೆ ಬಿಸಿಯಾಗುತ್ತದೆ.

ಮೇಲುಜಾಗ ಸರಿಯಾದ ಮೇಲೆ ಗೇನ್. ಇದನ್ನು ಪ್ರೊಪೆಲ್ಲರ್ ಇಲ್ಲದೆ ನೋಡಿದರೆ ಪ್ರಯೋಜನವಿಲ್ಲ. ಟೈಮರಿನ ಕನಿಷ್ಠ, ಗರಿಷ್ಠ ಸಿಗ್ನಲನ್ನು ಇಎಸ್‌ಸಿಗೆ ಕಲಿಸುವಾಗ ಮಾತ್ರ ಪ್ರೊಪೆಲ್ಲರ್ ಕಡ್ಡಾಯವಾಗಿ ಬಿಚ್ಚಿಟ್ಟಿರಬೇಕು. ವಿಮಾನದ ಬಾಲವನ್ನು ಗೂಟಕ್ಕೆ ಗಟ್ಟಿಯಾಗಿ ಕಟ್ಟಿ, ಕಡಿಮೆ ಗೇನಿನಿಂದ ಒಂದೊಂದೇ ಮೆಟ್ಟಿಲು ಏರಿಸಿ. ಮೋಟಾರ್ ಒಂದೇ ಶ್ರುತಿ ಬಿಟ್ಟು "ವೂಂ... ವೂಂ..." ಎಂದು ಅಲೆಯತೊಡಗಿದರೆ ಜಾಸ್ತಿಯಾಯಿತು. ಅಲ್ಲಿಂದ ಎರಡು ಮೆಟ್ಟಿಲು ಕೆಳಗಿಳಿಸಿ ಹಾರಿಸಿ. ಗೇನ್ ಕಡಿಮೆಯಾದರೆ ಚೌಕ ಲೂಪಿನ ಮೂಲೆ ತಿರುಗಿದ ಮೇಲೆ ಅರ್ಧ ಸೆಕೆಂಡ್ ತಡವಾಗಿ ಶಕ್ತಿ ಬರುತ್ತದೆ. ಅದು ಕಿವಿಗೇ ಗೊತ್ತಾಗುತ್ತದೆ.

ಉಳಿದ ಸೆಟ್ಟಿಂಗ್‌ಗಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಟೈಮಿಂಗ್ ಮಧ್ಯಮ, ಪಿಡಬ್ಲ್ಯೂಎಂ 8 ಕಿಲೋಹರ್ಟ್ಸ್, ಸ್ಟಾರ್ಟ್ ನಿಧಾನ. ಲೋ ವೋಲ್ಟೇಜ್ ಕಟ್‌ಆಫ್ ಮಾತ್ರ ಎಚ್ಚರದಿಂದ: ಸೆಲ್ಲಿಗೆ 3.0 ವೋಲ್ಟ್ ಇಟ್ಟು, ಪೂರ್ತಿ ನಿಲ್ಲಿಸುವ ಬದಲು ಶಕ್ತಿ ಇಳಿಸುವ ಆಯ್ಕೆ ಕೊಡಿ. ವಿಮಾನ ನೆತ್ತಿಯ ಮೇಲಿದ್ದಾಗ ಮೋಟಾರ್ ಫಕ್ಕನೆ ನಿಂತರೆ ಲೈನ್ ಸಡಿಲವಾಗಿ ಹ್ಯಾಂಡಲ್ ಕೆಲಸವೇ ಮಾಡುವುದಿಲ್ಲ. ಬ್ರೇಕ್ ಮೆದುವಾಗಿರಲಿ, ಜೋರಾದ ಬ್ರೇಕಿಗೆ ಪ್ರೊಪೆಲ್ಲರ್ ನಟ್ಟು ಸಡಿಲವಾಗಬಹುದು. ಬ್ಯಾಟರಿ ದೂರದಲ್ಲಿದ್ದರೆ ಬ್ಯಾಟರಿ ಕಡೆಯ ತಂತಿಯನ್ನು ಉದ್ದ ಮಾಡಬೇಡಿ, ಮೋಟಾರ್ ಕಡೆಯ ಮೂರು ತಂತಿ ಉದ್ದ ಮಾಡಿ. ಇಲ್ಲವಾದರೆ ಇಎಸ್‌ಸಿಯ ಕೆಪಾಸಿಟರ್‌ಗಳಿಗೆ ಹೊಡೆತ.

ಈಗ ನಮ್ಮೂರಿನ ಲೆಕ್ಕ. ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಮೇಲಿದೆ, ಚಿಕ್ಕಮಗಳೂರು ಸುಮಾರು 1,090. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಸಾಂದ್ರತೆ ಹತ್ತರಲ್ಲಿ ಒಂದು ಪಾಲು ಕಡಿಮೆ. ಶಿರಾಡಿ ಹತ್ತಿ ಬಂದವರ ಸೆಟ್ಟಿಂಗ್ ಇಲ್ಲಿ ಮೊದಲ ನೋಟಕ್ಕೆ ಸರಿಯೆಂದೇ ಕಾಣುತ್ತದೆ. ಪ್ರೊಪೆಲ್ಲರಿನ ಎಳೆತವೂ ಗಾಳಿಯ ಪ್ರತಿರೋಧವೂ ಒಟ್ಟಿಗೇ ಇಳಿಯುವುದರಿಂದ ಸುತ್ತಿನ ಸಮಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವಿಮಾನದ ತೂಕ ಇಳಿಯುವುದಿಲ್ಲವಲ್ಲ! ನೇರವಾಗಿ ಮೇಲೇರುವಾಗ, ಮೂಲೆ ತಿರುಗುವಾಗ ಕೊರತೆ ಎದ್ದು ಕಾಣುತ್ತದೆ.

200 ಆರ್‌ಪಿಎಂ ಏರಿಸುವುದು ಸುಲಭದ ದಾರಿ. ಅದಕ್ಕಿಂತ 12×6ಕ್ಕೆ ಹೋಗಿ ವೇಗವನ್ನು 9,200ಕ್ಕೆ ಇಳಿಸುವುದೇ ನನಗೆ ಸರಿ ಕಾಣುತ್ತದೆ. ಪಿಚ್ ಹೆಚ್ಚಾದ್ದರಿಂದ ಸುತ್ತಿನ ಸಮಯ ಬದಲಾಗದು. ವ್ಯಾಸ ಹೆಚ್ಚಾದ್ದರಿಂದ, ಲೆಕ್ಕದಲ್ಲಿ, ಪ್ರೊಪೆಲ್ಲರಿನ ಎಳೆತ ಸುಮಾರು ಶೇ. 19 ಏರುತ್ತದೆ, ತೆಳು ಗಾಳಿ ಕಸಿದುಕೊಂಡದ್ದು ವಾಪಸ್ ಬಂದು ಮೇಲೆ ಸ್ವಲ್ಪ ಉಳಿಯುತ್ತದೆ. 9,200 ಸಾಕೆಂದಾದರೆ ಮೇಲೆ ಹೇಳಿದ 800 ಕೆವಿ ಮೋಟಾರಿಗೂ ಮೇಲುಜಾಗ ಸಿಕ್ಕಿತು. ಬ್ಲೇಡಿನ ತುದಿ ಅರ್ಧ ಇಂಚು ಕೆಳಗೆ ಬರುವುದರಿಂದ ರಾಗಿ ಕೊಯ್ದ ಹೊಲದ ಕೂಳೆಯಲ್ಲಿ ಇಳಿಸುವವರು ಲ್ಯಾಂಡಿಂಗ್ ಗೇರಿನ ಎತ್ತರ ನೋಡಿಕೊಳ್ಳಿ.

ಪ್ರೊಪೆಲ್ಲರ್ ಬದಲಿಸಿದಾಗಲೆಲ್ಲ ಟೈಮರನ್ನು ಹೊಸದಾಗಿ ಲೆಕ್ಕ ಹಾಕಬೇಕು. 2700ರ ಪ್ಯಾಕಿನಿಂದ ಶೇ. 80, ಅಂದರೆ 2,160 ಎಂಎಎಚ್‌ಗಿಂತ ಹೆಚ್ಚು ತೆಗೆಯಬಾರದು. ಮೊದಲ ಹಾರಾಟಕ್ಕೆ ನಾಲ್ಕು ನಿಮಿಷ ಮಾತ್ರ ಇಟ್ಟು, ಆಮೇಲೆ ಚಾರ್ಜರ್ ಎಷ್ಟು ತುಂಬಿತೆಂದು ನೋಡಿ. 1,500 ತುಂಬಿದ್ದರೆ ನಿಮಿಷಕ್ಕೆ 375. ಐದೂವರೆ ನಿಮಿಷಕ್ಕೆ 2,060, ಅಷ್ಟರವರೆಗೆ ಹೋಗಬಹುದು. ಡಿಸೆಂಬರ್, ಜನವರಿಯ ಬೆಳಗ್ಗೆ ರಾತ್ರಿಯಿಡೀ ಜೀಪಿನಲ್ಲೇ ಬಿಟ್ಟ ಪ್ಯಾಕ್ ತಣ್ಣಗಿದ್ದು ಮೊದಲ ನಿಮಿಷದಲ್ಲೇ ವೋಲ್ಟೇಜ್ ಕುಸಿಯುತ್ತದೆ, ಗವರ್ನರ್ ಕಷ್ಟಪಡುತ್ತದೆ. ಜರ್ಕಿನ್ನಿನ ಒಳಜೇಬಿನಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ ಹಾಕಿ. ತಣ್ಣನೆ ಪ್ಯಾಕಿನಲ್ಲಿ ಬಂದ ಅಂಕಿ ನೋಡಿ ಸೆಟ್ಟಿಂಗ್ ಬದಲಿಸಬೇಡಿ.

ಎಸ್ಟೇಟಿನ ಬಯಲಲ್ಲಿ ಹಾರಿಸುವವರು ಲೈನ್ ಬಿಚ್ಚುವ ಮೊದಲು ತಲೆಯೆತ್ತಿ ನೋಡಿ. ಕೈಯಲ್ಲಿರುವುದು ಉಕ್ಕಿನ ತಂತಿ. 11 ಕಿಲೋವೋಲ್ಟ್ ಕರೆಂಟ್ ಲೈನ್ ಹತ್ತಿರವಿದ್ದರೆ ಆ ಜಾಗವೇ ಬೇಡ.