ಬರಿಗೈಯಲ್ಲಿ ನಿಂತ ಬಾಬಿ

ಕಾಲೇಜು ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಎರಡು ತೆಂಗಿನ ಕರಟ.

ನಾನಾಗ ಎರಡನೇ ವರ್ಷದ ಬಿ.ಎಸ್ಸಿ. ಅಂತರ ಕಾಲೇಜು ನಾಟಕ ಸ್ಪರ್ಧೆಗೆ ನಮ್ಮ ಕನ್ನಡ ಮೇಷ್ಟ್ರು ಗಿರೀಶ ಕಾರ್ನಾಡರ 'ಹಯವದನ' ಆರಿಸಿದ್ದರು. ನನಗೆ ಪದ್ಮಿನಿಯ ಪಾತ್ರ ಬೇಕಿತ್ತು. ಮಾತೆಲ್ಲ ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಸಿಕ್ಕಿದ್ದು ಮೇಳದಲ್ಲಿ ಒಂದು ಜಾಗ, ಜೊತೆಗೆ ಕುದುರೆ ಬರುವ ಸದ್ದು ಮಾಡಲು ಆ ಎರಡು ಕರಟ. ಮನೆಗೆ ಹೋಗಿ ಅತ್ತಿದ್ದೆ.

ಬೇರೆ ಕಾಲೇಜಿನವರು ಹಾರ್ಮೋನಿಯಂ, ತಬಲಾದವರನ್ನು ದುಡ್ಡು ಕೊಟ್ಟು ಕರೆಸುತ್ತಿದ್ದರು. ಅವರು ರಂಗದ ಪಕ್ಕದಲ್ಲಿ ಕೂತು ನುಡಿಸಿ ಹೋಗುತ್ತಿದ್ದರು. ಮೇಷ್ಟ್ರು ಮಾತ್ರ ಒಪ್ಪಲಿಲ್ಲ. ರಂಗ ನಿರ್ದೇಶಕ ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆ ಕಟ್ಟುತ್ತಿದ್ದ ದಿನಗಳಲ್ಲಿ ಇವರು ಅಲ್ಲಿಗೆ ತಾಲೀಮು ನೋಡಲು ಹೋಗುತ್ತಿದ್ದವರು. ಕಲ್ಲು, ಬಿದಿರು, ತಗಡು ಯಾವುದು ಸಿಕ್ಕರೂ ಕಾರಂತರು ಅದರಿಂದ ನಾದ ತೆಗೆಯುತ್ತಿದ್ದ ಕಥೆಯನ್ನು ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. "ನಾಟಕದ ಸಂಗೀತ ನಾಟಕದವರ ಮೈಯಿಂದಲೇ ಬರಬೇಕು ಕಣಮ್ಮ" ಎನ್ನುತ್ತಿದ್ದರು. ಹಾಗಾಗಿ ನಾವು ಹದಿನೈದು ಜನವೂ ಮೊದಲಿಂದ ಕೊನೆವರೆಗೆ ರಂಗದ ಮೇಲೇ ಇರಬೇಕು. ಪಾತ್ರ ಮುಗಿದವರು ಬದಿಗೆ ಬಂದು ಕೂತು ತಾಳ ಹಾಕಬೇಕು, ದನಿ ಕೂಡಿಸಬೇಕು. ಕಾರಂತರ ಮಟ್ಟಿನಲ್ಲಿ 'ಗಜವದನ ಹೇರಂಬ' ಶುರುವಾದರೆ ದೇವದತ್ತನೂ ಹಾಡಬೇಕು, ಕಪಿಲನೂ ಹಾಡಬೇಕು.

ಆಗ ಇದೆಲ್ಲ ಖರ್ಚು ಉಳಿಸುವ ಉಪಾಯ ಅಂದುಕೊಂಡಿದ್ದೆ. ಅದರೊಳಗೆ ಏನಿದೆ ಅಂತ ನನಗೆ ತಿಳಿದದ್ದು ಆರೇಳು ವರ್ಷ ಬಿಟ್ಟು, ನ್ಯೂಯಾರ್ಕಿನಲ್ಲಿ.

2006ರಲ್ಲಿ ಕೆಲಸದ ಮೇಲೆ ನ್ಯೂಜೆರ್ಸಿಗೆ ಹೋಗಿದ್ದೆ. ಡಿಸೆಂಬರ್ ತಿಂಗಳ ಒಂದು ಶನಿವಾರ ಆಫೀಸಿನ ಗೆಳತಿಯೊಬ್ಬಳು ಅರ್ಧ ಬೆಲೆಗೆ ಸಿಕ್ಕಿದ ಎರಡು ಟಿಕೆಟ್ ಹಿಡಿದು ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳಿರುವ ಬ್ರಾಡ್‌ವೇಗೆ ಎಳೆದುಕೊಂಡು ಹೋದಳು. 47ನೇ ಬೀದಿಯ ಎಥೆಲ್ ಬ್ಯಾರಿಮೋರ್ ಥಿಯೇಟರ್. ನಾಟಕ 'ಕಂಪನಿ'. ಸ್ಟೀಫನ್ ಸೋಂಡ್‌ಹೈಮ್ ಅವರ ಹಾಡು ಮತ್ತು ಸಂಗೀತ, ಜಾರ್ಜ್ ಫರ್ತ್ ಅವರ ಮಾತು. ಮೊದಲು ಬಂದದ್ದು 1970ರಲ್ಲಿ, ಹೆರಾಲ್ಡ್ ಪ್ರಿನ್ಸ್ ನಿರ್ದೇಶನದಲ್ಲಿ. ಈಗ ಅದನ್ನು ಹೊಸದಾಗಿ ಎತ್ತಿಕೊಂಡವರು ಸ್ಕಾಟ್ಲೆಂಡಿನ ಜಾನ್ ಡಾಯ್ಲ್. ನಮಗೆ ಸಿಕ್ಕಿದ್ದು ಬಾಲ್ಕನಿಯ ಹಿಂದಿನ ಸಾಲು.

ಕಥೆ ಅಂತ ಜಾಸ್ತಿ ಏನಿಲ್ಲ. ರಾಬರ್ಟ್ ಎಂಬ ನ್ಯೂಯಾರ್ಕಿನ ಗಂಡಸಿಗೆ 35 ತುಂಬುತ್ತದೆ. ಎಲ್ಲರೂ ಅವನನ್ನು ಬಾಬಿ ಅನ್ನುತ್ತಾರೆ. ಮದುವೆಯಾಗಿಲ್ಲ. ಅವನ ಸುತ್ತ ಮದುವೆಯಾದ ಐದು ಜೋಡಿ ಗೆಳೆಯರು, ಮೂವರು ಗೆಳತಿಯರು. ಒಬ್ಬೊಬ್ಬರ ಮನೆಗೆ ಹೋಗುತ್ತಾನೆ, ಅವರ ಜಗಳ ನೋಡುತ್ತಾನೆ, ಪ್ರೀತಿ ನೋಡುತ್ತಾನೆ, ಎದ್ದು ಬರುತ್ತಾನೆ. ಅಷ್ಟೇ.

ಪರದೆಯ ಮುಂದೆ ವಾದ್ಯದವರು ಕೂರುವ ಗುಂಡಿಯಲ್ಲಿ ಯಾರೂ ಇರಲಿಲ್ಲ. ಕೋಲು ಹಿಡಿದು ತಾಳ ತೋರಿಸುವವರೂ ಇರಲಿಲ್ಲ. ರಂಗದ ಮೇಲೆ ಒಂದು ದೊಡ್ಡ ಪಿಯಾನೊ, ಹದಿನಾಲ್ಕು ಜನ. ನಟಿಸುವವರು ಅವರೇ, ಹಾಡುವವರು ಅವರೇ, ನುಡಿಸುವವರೂ ಅವರೇ. ಈಗಷ್ಟೇ ಗಂಡನ ಜೊತೆ ವಾದ ಮಾಡುತ್ತಿದ್ದವಳು ಸುಮ್ನೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ವಾದ್ಯ ಎತ್ತಿಕೊಳ್ಳುತ್ತಾಳೆ. ಮೂವರು ಗೆಳತಿಯರು ಬಾಬಿಯ ಮೇಲೆ ದೂರು ಹೇಳುವ ಹಾಡಿದೆ. ಆ ಮೂವರ ಕೈಯಲ್ಲೂ ಸ್ಯಾಕ್ಸೊಫೋನ್. ಸಾಲು ಹಾಡುತ್ತಾರೆ, ಸಾಲಿನ ನಡುವೆ ಊದುತ್ತಾರೆ. ಆ ದೂರು ಗಂಟಲಲ್ಲಿ ಮುಗಿಯದೆ ಪೀಪಿಯೊಳಗೂ ಹೋಗಿ ಕಿರುಚುತ್ತದೆ.

ನನ್ನ ಮೈ ಜುಮ್ಮೆಂದಿತು. ಇದು ನಮ್ಮ ಮೇಳ. ಹಿಮ್ಮೇಳ ಮುಮ್ಮೇಳದ ನಡುವಿನ ಗೆರೆ ಅಳಿಸಿದ ಮೇಳ. ಡಾಯ್ಲ್ ಅವರಿಗೆ ಯಕ್ಷಗಾನವಾಗಲಿ ಕಾರಂತರಾಗಲಿ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಅವರ ದಾರಿಯೇ ಬೇರೆ. ಇಂಗ್ಲೆಂಡಿನ ಸಣ್ಣ ಊರುಗಳ ಸಣ್ಣ ರಂಗಮಂದಿರಗಳಲ್ಲಿ ದೊಡ್ಡ ವಾದ್ಯವೃಂದಕ್ಕೆ ದುಡ್ಡಿರಲಿಲ್ಲ. ನಟರೇ ನುಡಿಸಲಿ ಎಂದರು. ನ್ಯೂಬರಿ ಹತ್ತಿರದ ವಾಟರ್‌ಮಿಲ್ ಎಂಬ ಪುಟ್ಟ ಥಿಯೇಟರಿನಲ್ಲಿ 2004ರಲ್ಲಿ ಹೀಗೆ ಮಾಡಿದ ಸೋಂಡ್‌ಹೈಮ್ ಅವರದೇ 'ಸ್ವೀನಿ ಟಾಡ್' ಮರುವರ್ಷ ಹೊಸ ನಟರೊಂದಿಗೆ ಬ್ರಾಡ್‌ವೇಗೂ ಬಂತು. ಅಲ್ಲಿ ಇದ್ದದ್ದು ಹತ್ತೇ ನಟರು. ಅದಕ್ಕೆ ಡಾಯ್ಲ್ ಅವರಿಗೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ 2006ರಲ್ಲಿ ಸಿಕ್ಕಿತು. ಕೊರತೆಯಿಂದ ಹುಟ್ಟಿದ್ದು ಕ್ರಮವಾಯಿತು. ನಮ್ಮ ಮೇಷ್ಟ್ರ ಕರಟದ ಹಾಗೆಯೇ ಅಲ್ವಾ?

ಹದಿನಾಲ್ಕು ಜನರಲ್ಲಿ ಹದಿಮೂರು ಜನ ಹೀಗೆ ನುಡಿಸುತ್ತಲೇ ಇರುತ್ತಾರೆ. ಬಾಬಿ ಮಾತ್ರ ಅವರಂತೆ ವಾದ್ಯ ಹಿಡಿದು ಕೂರುವುದಿಲ್ಲ. ನನಗೆ ಇದು ಹೊಳೆಯಲು ಅರ್ಧ ಗಂಟೆ ಹಿಡಿಯಿತು. ಹೊಳೆದ ಮೇಲೆ ಅವನ ಕೈ ಬಿಟ್ಟು ಬೇರೇನೂ ನೋಡಲು ಆಗಲಿಲ್ಲ.

ಬಾಬಿಯಾಗಿದ್ದವರು ರೌಲ್ ಎಸ್ಪಾರ್ಜಾ. ಕ್ಯೂಬಾ ಮೂಲದ ಮನೆತನದ ಅಮೆರಿಕನ್ ನಟ. ಈ ನಾಟಕ ಮೊದಲು ಬಂದ ವರ್ಷವೇ ಹುಟ್ಟಿದವರು. ಅವರ ಕಂಠ ದೊಡ್ಡದು, ಬೇಕೆಂದಾಗ ಚಾವಣಿ ಮುಟ್ಟುತ್ತದೆ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅವರು ಕೇಳಿಸಿಕೊಳ್ಳುವ ರೀತಿ. ಗೆಳೆಯರು ನುಡಿಸುತ್ತಿದ್ದರೆ ನಡುವೆ ನಿಂತು ನಗುತ್ತಾರೆ. ಆ ನಗು ಬಾಗಿಲು ತೆರೆಯುವ ನಗು ಅಲ್ಲ, ಚಿಲಕ ಹಾಕುವ ನಗು. ಜೋಡಿಗಳು ಹಾಡಿನ ನಡುವೆ ಒಬ್ಬರಿಗೊಬ್ಬರು ಸವಾಲು ಜವಾಬು ಕೊಡುವ ಒಂದು ಜಾಗವಿದೆ. ಗಂಡ ಒಂದು ತುಣುಕು, ಹೆಂಡತಿ ಒಂದು ತುಣುಕು. ಬಾಬಿಯ ಸರದಿ ಬಂದಾಗ ಅವನಿಗೆ ಯಾರೂ ಉತ್ತರ ಕೊಡುವುದಿಲ್ಲ. ಒಂದು ಕ್ಷಣದ ಮೌನ ಅಷ್ಟೇ, ಆಮೇಲೆ ಹಾಡು ಮುಂದೆ ಹೋಗುತ್ತದೆ. ಬಾಲ್ಕನಿಯಲ್ಲಿ ಕೂತಿದ್ದ ನನಗೆ ಉಸಿರು ಕಟ್ಟಿತು.

ಕೊನೆಯ ಹಾಡು 'ಬೀಯಿಂಗ್ ಅಲೈವ್'. ಬಾಬಿ ನಡೆದುಕೊಂಡು ಹೋಗಿ ಪಿಯಾನೊ ಮುಂದೆ ಕೂರುತ್ತಾನೆ. ತಾನೇ ನುಡಿಸುತ್ತಾನೆ. ಹಾಡು ಶುರುವಾಗುವುದು ದೂರಿನಲ್ಲಿ. ಮದುವೆ ಅಂದರೆ ಯಾರೋ ನಿನ್ನನ್ನು ಅತಿಯಾಗಿ ಅಪ್ಪುತ್ತಾರೆ, ನಿನ್ನ ನಿದ್ದೆ ಕೆಡಿಸುತ್ತಾರೆ ಅಂತ. ಹಾಡುತ್ತ ಹಾಡುತ್ತ 'ನಿನ್ನನ್ನು' ಅನ್ನುವುದು 'ನನ್ನನ್ನು' ಆಗುತ್ತದೆ. ದೂರು ಬೇಡಿಕೆಯಾಗುತ್ತದೆ. ಎರಡು ಗಂಟೆ ಬರಿಗೈಯಲ್ಲಿ ನಿಂತವನು ಪಿಯಾನೊ ಮೇಲೆ ಕೈ ಇಟ್ಟ ಮೇಲೆ ಇನ್ನೇನು ಹೇಳಬೇಕು? ಪಕ್ಕದಲ್ಲಿ ಗೆಳತಿ ಅಳುತ್ತಿದ್ದಳು. ನಾನೂ ಅಳುತ್ತಿದ್ದೆ.

ಆಟ ಮುಗಿದ ಮೇಲೆ ಅಭಿಮಾನಿಗಳು ನಟರು ಹೊರಬರುವ ಬಾಗಿಲ ಬಳಿ ಕಾಯುವುದು ಅಲ್ಲಿನ ವಾಡಿಕೆ. ಕೈಯಲ್ಲಿ 'ಪ್ಲೇಬಿಲ್' ಪುಸ್ತಿಕೆ, ಪೆನ್ನು. ಕೊರೆಯುವ ಚಳಿ. ಆ ಗುಂಪಿನಲ್ಲಿ ನಡೆದ ಮಾತು ನನಗೆ ನಾಟಕದಷ್ಟೇ ಇಷ್ಟವಾಯಿತು. ಒಬ್ಬ ಅಜ್ಜಿ 1970ರ ಪ್ರಯೋಗವನ್ನೂ ನೋಡಿದ್ದರಂತೆ. ಬೋರಿಸ್ ಆರನ್ಸನ್ ಮಾಡಿದ್ದ ರಂಗಸಜ್ಜಿಕೆಯಲ್ಲಿ ನಿಜವಾಗಿ ಮೇಲೆ ಕೆಳಗೆ ಓಡಾಡುವ ಲಿಫ್ಟ್ ಇದ್ದದ್ದನ್ನು ಕೈಯಾಡಿಸಿ ತೋರಿಸಿದರು. ಆ ದೊಡ್ಡ ವಾದ್ಯವೃಂದದ ಸದ್ದು ಈಗಿಲ್ಲ ಅನ್ನುವ ಕೊರಗು ಅವರಿಗೆ ಇತ್ತು. ಅದು ನಿಜ ಇರಬೇಕು. ನನಗಂತೂ ಏನೂ ಕಡಿಮೆ ಅನಿಸಲಿಲ್ಲ. ಒಬ್ಬ ಹುಡುಗ ಇಷ್ಟರಲ್ಲೇ ಮೂರು ಸಲ ನೋಡಿದ್ದ. ಪ್ರತಿ ಸಲ ಒಬ್ಬರನ್ನೇ ಆರಿಸಿಕೊಂಡು ಪೂರ್ತಿ ಅವರನ್ನೇ ನೋಡುತ್ತಾನಂತೆ, ಮಾತಿಲ್ಲದಾಗಲೂ. ಯಾರೂ ಒಳಗೆ ಹೋಗಿ ಚಹಾ ಕುಡಿಯುವ ಹಾಗಿಲ್ಲವಲ್ಲ, ಎಲ್ಲರೂ ಎಲ್ಲರನ್ನೂ ಕೇಳುತ್ತಲೇ ಇರಬೇಕು. ತಾಳ ತೋರಿಸುವವರಿಲ್ಲದಿದ್ದರೆ ಒಬ್ಬರ ಉಸಿರನ್ನು ಇನ್ನೊಬ್ಬರು ಹಿಡಿಯಲೇಬೇಕು. ಅವನು ಅದನ್ನು ವಿವರಿಸುತ್ತಿದ್ದಾಗ ನನಗೆ ನಮ್ಮ ಕಾಲೇಜಿನ ಹಾಲ್ ಕಣ್ಣ ಮುಂದೆ ಬಂತು. ಎಸ್ಪಾರ್ಜಾ ಹೊರಬರುವ ಮೊದಲೇ ನಾವು ಬಸ್ಸಿಗೆ ಓಡಬೇಕಾಯಿತು.

ಮುಂದಿನ ಜೂನ್‌ನಲ್ಲಿ 'ಕಂಪನಿ'ಗೆ ಮರುಪ್ರಯೋಗದ ಟೋನಿ ಬಂತು. ಎಸ್ಪಾರ್ಜಾ ಹೆಸರು ಪಟ್ಟಿಯಲ್ಲಿತ್ತು, ಪ್ರಶಸ್ತಿ ಬೇರೆಯವರಿಗೆ ಹೋಯಿತು. ನನಗೆ ಇವತ್ತಿಗೂ ಅದು ಸರಿ ಅನಿಸಿಲ್ಲ. ಜುಲೈ 1ಕ್ಕೆ ಆಟ ನಿಂತಿತು. ಅದೃಷ್ಟಕ್ಕೆ ಅದನ್ನು ಚಿತ್ರೀಕರಿಸಿಟ್ಟಿದ್ದರು. 2008ರಲ್ಲಿ ಅಲ್ಲಿನ ಟಿವಿಯಲ್ಲಿ ಬಂತು, ಡಿವಿಡಿಯೂ ಸಿಕ್ಕಿತು.

2009ರಲ್ಲಿ ರಜೆಗೆ ಬಂದಾಗ ಆ ಡಿವಿಡಿ ಹಿಡಿದು ಮೇಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿದ್ದರು. ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟೆವು. ಇಂಗ್ಲಿಷ್ ಹಾಡಿನ ಮಾತು ಪೂರ್ತಿ ಹಿಡಿಯುವುದಿಲ್ಲ ಎಂದರು, ಆದರೂ ನಿಲ್ಲಿಸಬೇಡ ಎಂದರು. ಬಾಬಿಯ ಕೈಯ ವಿಷಯ ನಾನು ಬೇಕಂತಲೇ ಹೇಳಿರಲಿಲ್ಲ. ಮೊದಲ ಅಂಕ ಮುಗಿಯುವ ಹೊತ್ತಿಗೆ, "ಆ ಹುಡುಗನಿಗೆ ಯಾಕಮ್ಮ ಯಾರೂ ಏನೂ ಕೊಟ್ಟಿಲ್ಲ?" ಎಂದರು. ನಾನು ಸುಮ್ಮನಿದ್ದೆ.

ಪಿಯಾನೊ ಹಾಡು ಬಂತು, ಮುಗಿಯಿತು. ಮೇಷ್ಟ್ರ ಮನೆಯವರು ಒಳಗಿನಿಂದ ಕಾಫಿ ತಂದಿಟ್ಟರು. ಮೇಷ್ಟ್ರು ಲೋಟ ಮುಟ್ಟಲಿಲ್ಲ.

"ಅವನು ಎದ್ದು ಹೋಗಿ ಕೂರ್ತಾನಲ್ಲ, ಅಲ್ಲಿಂದ ಇನ್ನೊಂದು ಸಲ ಹಾಕು" ಎಂದರು. "ಈ ಸಲ ಅವನನ್ನು ನೋಡಬೇಡ. ಹಿಂದೆ ನಿಂತಿದ್ದಾರಲ್ಲ, ಅವರನ್ನು ನೋಡೋಣ."