ನಾನು ಮಾಡಿದ ಪಟ್ಟಿ, ಊಟದ ಮೇಜಿನವರು ಮಾಡಿದ ಪಟ್ಟಿ

2022ರ ಡಿಸೆಂಬರಿನಲ್ಲಿ ನಾನು ಒಂದು ಪಟ್ಟಿ ಮಾಡಿದೆ. ನಮ್ಮ ಗುಂಪಿನ ಒಂಬತ್ತು ಜನ ಹೊಸ ಎಂಜಿನಿಯರುಗಳನ್ನು 1ರಿಂದ 9ರವರೆಗೆ ಸಾಲಾಗಿ ಬರೆದು ಕೊಡಿ ಅಂತ ಮೇಲಿನವರು ಶುಕ್ರವಾರ ಸಂಜೆ ಕೇಳಿದ್ದರು, ಸೋಮವಾರ ಬೆಳಿಗ್ಗೆ ಬೇಕಿತ್ತು. ಭಾನುವಾರ ರಾತ್ರಿ ಊಟ ಆದಮೇಲೆ ಕೂತೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಆ ಪಟ್ಟಿಯ ಮೇಲೆ ಸಂಬಳ ಹೆಚ್ಚಳ ನಿಂತಿತ್ತು. ಮುಂದಿನ ವರ್ಷ ಯಾರಿಗೆ ಯಾವ ಪ್ರಾಜೆಕ್ಟ್ ಅನ್ನುವುದೂ ನಿಂತಿತ್ತು. ಒಂಬತ್ತನೇ ಜಾಗದಲ್ಲಿ ನಾನು ಬರೆದ ಹುಡುಗ ಏಪ್ರಿಲ್‌ನಲ್ಲಿ ಕೆಲಸ ಬಿಟ್ಟು ಹೋದ. ಅವನನ್ನು ಅಲ್ಲಿ ಬರೆದದ್ದು ತಪ್ಪು ಅಂತ ನನಗೆ ಅರ್ಥವಾಗಿದ್ದು ನಮ್ಮ ಲ್ಯಾಬಿನ ಊಟದ ಮೇಜಿನಲ್ಲಿ, ಐಸ್ ಹಾಕಿ ಆಟ ಆಡುವ ಹುಡುಗರ ರ‍್ಯಾಂಕಿಂಗ್ ಬಗ್ಗೆ ದಿನಾ ಜಗಳ ಆಡುವ ಐದಾರು ಜನರ ಮಧ್ಯೆ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಡೆಟ್ರಾಯಿಟ್ ಹತ್ತಿರ, ಕಾರಿನ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಲ್ಯಾಬ್. ವೈಬ್ರೇಷನ್ ಟೇಬಲ್ ಮೇಲೆ ಕಟ್ಟಿ ಅಲುಗಾಡಿಸುತ್ತೇವೆ. ಥರ್ಮಲ್ ಚೇಂಬರ್ ಒಳಗಿಟ್ಟು ಮೈನಸ್ 40 ಡಿಗ್ರಿಗೆ ಇಳಿಸಿ, ಮತ್ತೆ 85ಕ್ಕೆ ಏರಿಸಿ, ಮತ್ತೆ ಇಳಿಸುತ್ತೇವೆ. ಕೆಡುವುದು ಇಲ್ಲೇ ಕೆಡಲಿ, ರಸ್ತೆಯಲ್ಲಿ ಬೇಡ ಅಂತ.

ನಾನು ಮಡಿಕೇರಿ ಕಡೆಯವಳು. ನಮ್ಮಲ್ಲಿ ಹಾಕಿ ಅಂದರೆ ನೆಲದ ಮೇಲೆ ಆಡುವ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡಿದ್ದನ್ನು ನೋಡಿದ್ದೇನೆ. ಆದರೆ ಆ ಮೊಮ್ಮಗ ಐದು ವರ್ಷ ಆದಮೇಲೆ ಎಷ್ಟು ಚೆನ್ನಾಗಿ ಆಡಬಹುದು ಅಂತ ಲೆಕ್ಕ ಹಾಕಿ ಪಟ್ಟಿ ಕಟ್ಟುವವರನ್ನು ನೋಡಿರಲಿಲ್ಲ. ಅದನ್ನು ನೋಡಿದ್ದು ಇಲ್ಲಿ.

ಇಲ್ಲಿಯ ಐಸ್ ಹಾಕಿ ತಂಡ ಡೆಟ್ರಾಯಿಟ್ ರೆಡ್ ವಿಂಗ್ಸ್, ಎನ್‌ಎಚ್‌ಎಲ್ ಅನ್ನುವ ಅಮೆರಿಕ-ಕೆನಡಾದ ದೊಡ್ಡ ಲೀಗಿನದು. ಸತತ 25 ವರ್ಷ ಪ್ಲೇಆಫ್‌ಗೆ ಹೋದ ತಂಡ ಅದು. 2016ಕ್ಕೆ ಆ ಸಾಲು ಮುಗಿಯಿತು, ಆಮೇಲೆ ವರ್ಷಗಟ್ಟಲೆ ಬಾಗಿಲು ಮುಚ್ಚಿದ ಹಾಗಾಯಿತು. 2019-20ರಲ್ಲಂತೂ 71 ಆಟದಲ್ಲಿ ಗೆದ್ದದ್ದು ಬರೀ 17. ಇಂಥ ತಂಡದ ಅಭಿಮಾನಿಗಳು ಏನು ಮಾಡಬೇಕು? ಇನ್ನೂ ಬಾರದ ಹುಡುಗರ ಮೇಲೆ ಆಸೆ ಇಡುತ್ತಾರೆ. ಪ್ರತಿ ವರ್ಷ ಬೇಸಿಗೆಯಲ್ಲಿ ಡ್ರಾಫ್ಟ್ ನಡೆಯುತ್ತದೆ. ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗುವುದಿಲ್ಲ. ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬ ಹುಡುಗನ ಹೆಸರು ಕರೆಯುತ್ತವೆ, ಏಳು ಸುತ್ತು. ಹೆಚ್ಚಿನವರಿಗೆ 18 ವರ್ಷ. ಹೆಸರು ಕರೆದ ಮಾತ್ರಕ್ಕೆ ಅವರು ಬಂದು ಆಡುವುದಿಲ್ಲ. ಒಬ್ಬ ಕೆನಡಾದ ಜೂನಿಯರ್ ಲೀಗಿನಲ್ಲಿರುತ್ತಾನೆ, ಒಬ್ಬ ಅಮೆರಿಕದ ಕಾಲೇಜಿನಲ್ಲಿ, ಒಬ್ಬ ಸ್ವೀಡನ್ನಿನಲ್ಲಿ. ಮೂರು ನಾಲ್ಕು ವರ್ಷ ಕಾಯಬೇಕು. ಆ ಕಾಯುವ ಕಾಲದಲ್ಲಿ ಇವರಿಗೆ ಪ್ರಾಸ್ಪೆಕ್ಟ್ ಅಂತ ಹೆಸರು, ಮತ್ತು ಇವರಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನುವುದೇ ಊಟದ ಮೇಜಿನ ಜಗಳ.

ನಮ್ಮ ಲ್ಯಾಬಿನಲ್ಲಿ ಇದನ್ನು ನಡೆಸುವವರು ಒಬ್ಬ ಹಿರಿಯ ಟೆಕ್ನೀಷಿಯನ್. ಪ್ರತಿ ಜುಲೈನಲ್ಲಿ ಗೋಡೆಯ ಬೋರ್ಡಿನ ಒಂದು ಮೂಲೆ ಅವರದು. ಒಂದೇ ಸಲ ಇಪ್ಪತ್ತು ಹೆಸರು ಬರೆಯುವುದಿಲ್ಲ. ಇವತ್ತು ಮೊದಲನೇ ಜಾಗ ಯಾರಿಗೆ ಅಂತ ಮತ, ಅದು ಮುಗಿದಮೇಲೆ ನಾಳೆ ಎರಡನೇ ಜಾಗ. ಹೆಸರು ಹೇಳುವವರು ಕಾರಣವನ್ನೂ ಹೇಳಬೇಕು. ನೀವು ನೋಡಿದ್ದು ಯಾವ ಆಟ, ಅವನ ಜೊತೆ ಯಾರು ಆಡುತ್ತಿದ್ದರು, ಎದುರಿಗೆ ಯಾರಿದ್ದರು? ಇದಕ್ಕೆ ಉತ್ತರ ಇಲ್ಲದಿದ್ದರೆ ನಿಮ್ಮ ಮತಕ್ಕೆ ಬೆಲೆ ಇಲ್ಲ. ತಿಂಗಳು ಹಿಡಿಯುತ್ತದೆ. ಕೊನೆಗೆ ಅವರು ಅದನ್ನು ಕಾಗದದ ಮೇಲೆ ಬರೆದು, ತಾರೀಖು ಹಾಕಿ, ತಮ್ಮ ಟೂಲ್ ಬಾಕ್ಸಿನ ಕೆಳಗಿನ ಖಾನೆಯಲ್ಲಿ ಇಡುತ್ತಾರೆ.

ಮುಕ್ಕಾಲು ಗಂಟೆಯಲ್ಲಿ ಒಂಬತ್ತು ಜನರನ್ನು ಬರೆದು ಮುಗಿಸಿದ್ದೆ ನಾನು. ತಮಗೆ ಒಂದು ಪೈಸೆ ಬಾರದ ವಿಷಯಕ್ಕೆ ಇವರು ಒಂದು ತಿಂಗಳು ಕೊಡುತ್ತಿದ್ದರು.

ಆ ಜನವರಿಯಲ್ಲಿ ಮೇಜಿನಲ್ಲಿ ಹಳೆಯ ಮಾತೊಂದು ಎದ್ದಿತು, 2020ರ ಡ್ರಾಫ್ಟಿನದು. ಆ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಸೋತದ್ದು ರೆಡ್ ವಿಂಗ್ಸ್, ಹೆಚ್ಚು ಸೋತವರಿಗೆ ಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು, ಆದರೂ ಅದು ಲಾಟರಿಯಲ್ಲಿ ಸಿಗಲಿಲ್ಲ, ನಾಲ್ಕಕ್ಕೆ ಜಾರಿತು. ಮೊದಲು ಹೋದವನು ಅಲೆಕ್ಸಿ ಲಾಫ್ರೆನಿಯೇರ್, ನ್ಯೂಯಾರ್ಕ್ ರೇಂಜರ್ಸ್‌ಗೆ. ಡೆಟ್ರಾಯಿಟ್‌ಗೆ ಸಿಕ್ಕವನು ಸ್ವೀಡನ್ನಿನ ಲೂಕಸ್ ರೇಮಂಡ್. ಹಾಕಿಯಲ್ಲಿ ಗೋಲು ಹೊಡೆದರೂ ಒಂದು ಪಾಯಿಂಟ್, ಆ ಗೋಲಿಗೆ ಪಾಸ್ ಕೊಟ್ಟರೂ ಒಂದು ಪಾಯಿಂಟ್. ಡ್ರಾಫ್ಟಿಗೆ ಮುಂಚಿನ ಸೀಸನ್ನಿನಲ್ಲಿ ಲಾಫ್ರೆನಿಯೇರ್ ಕ್ವಿಬೆಕ್‌ನ ಜೂನಿಯರ್ ಲೀಗಿನಲ್ಲಿ 52 ಆಟಕ್ಕೆ 112 ಪಾಯಿಂಟ್ ಮಾಡಿದ್ದ. ರೇಮಂಡ್ ಸ್ವೀಡನ್ನಿನ ದೊಡ್ಡ ಲೀಗಿನಲ್ಲಿ 33 ಆಟಕ್ಕೆ 10. ಹೊಸದಾಗಿ ಸೇರಿದ್ದ ಒಬ್ಬರು, 112 ಎಲ್ಲಿ, 10 ಎಲ್ಲಿ, ಇದಕ್ಕೆ ಚರ್ಚೆ ಬೇರೆ ಬೇಕಿತ್ತಾ ಅಂತ ಕೇಳಿದರು. ಹಿರಿಯರು ಸ್ಯಾಂಡ್‌ವಿಚ್ ಕೆಳಗಿಟ್ಟು ಸಾವಧಾನವಾಗಿ ಹೇಳಿದರು. ಮೊದಲನೆಯವನು ಆಡಿದ್ದು ತನ್ನ ವಯಸ್ಸಿನ ಹುಡುಗರ ಜೊತೆ, ಹೆಚ್ಚು ಹೊತ್ತು ಮಂಜುಗಡ್ಡೆಯ ಮೇಲೆ ಇರುತ್ತಿದ್ದ. ಎರಡನೆಯವನು ಆಡಿದ್ದು ಮೂವತ್ತು ದಾಟಿದ ಗಂಡಸರ ಜೊತೆ, ಅವನನ್ನು ಇಳಿಸುತ್ತಿದ್ದದ್ದೇ ಸ್ವಲ್ಪ ಹೊತ್ತು. ಇನ್ನೂ ಒಂದಿದೆ. ಡ್ರಾಫ್ಟಿಗೆ ಸೆಪ್ಟೆಂಬರ್ 15ರೊಳಗೆ 18 ತುಂಬಬೇಕು. ಲಾಫ್ರೆನಿಯೇರ್ ಹುಟ್ಟಿದ್ದು 2001ರ ಅಕ್ಟೋಬರ್, ರೇಮಂಡ್ 2002ರ ಮಾರ್ಚ್. ಆ ವಯಸ್ಸಿನಲ್ಲಿ ಐದು ತಿಂಗಳು ಅಂದರೆ ಸುಮ್ನೆ ಅಲ್ಲ. "ಇವನು ಅವನಿಗಿಂತ ಮೇಲು ಅಂತ ನಾನು ಹೇಳುತ್ತಿಲ್ಲ. ಈ ಎರಡು ಅಂಕಿಯನ್ನು ಒಂದೇ ಕಂಬಸಾಲಿನಲ್ಲಿ ಬರೆಯಬೇಡಿ ಅಂತ ಹೇಳುತ್ತಿದ್ದೇನೆ."

ನನ್ನ ಊಟ ಅಲ್ಲಿಗೇ ನಿಂತಿತು.

ಯಾಕೆಂದರೆ ನಾನು ಮಾಡಿದ್ದು ಅದನ್ನೇ. ಒಂಬತ್ತು ಜನರ ಹೆಸರಿನ ಮುಂದೆ ವರ್ಷದಲ್ಲಿ ಎಷ್ಟು ಟೆಸ್ಟ್ ರಿಪೋರ್ಟ್ ಮುಗಿಸಿದ್ದಾರೆ ಅಂತ ಬರೆದೆ, ಆ ಅಂಕಿ ನೋಡಿ ಸಾಲು ಹಚ್ಚಿದೆ. ಮೊದಲನೆಯವನದು 41 ರಿಪೋರ್ಟ್, ಒಂಬತ್ತನೆಯವನದು 5. ಆದರೆ ಮೊದಲನೆಯವನು ಇದ್ದದ್ದು ವೈಬ್ರೇಷನ್ ಟೇಬಲ್‌ನಲ್ಲಿ, ಅಲ್ಲಿ ಒಂದು ಪರೀಕ್ಷೆ ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಒಂಬತ್ತನೆಯವನನ್ನು ನಾನೇ ಥರ್ಮಲ್ ಚೇಂಬರಿಗೆ ಹಾಕಿದ್ದೆ, ಅಲ್ಲಿ ಒಂದೊಂದು ಪರೀಕ್ಷೆ ಆರರಿಂದ ಎಂಟು ವಾರ ಓಡುತ್ತದೆ. ಮೇಲಾಗಿ ಒಬ್ಬ ಜನವರಿಯಲ್ಲಿ ಸೇರಿದ್ದ, ಇನ್ನೊಬ್ಬ ಜೂನ್ ಕೊನೆಯಲ್ಲಿ. ಎಲ್ಲಾ ನನಗೆ ಗೊತ್ತಿದ್ದ ವಿಷಯವೇ, ಹೊಸದೇನೂ ಇರಲಿಲ್ಲ, ಆದರೂ ಭಾನುವಾರ ರಾತ್ರಿ ಅಂಕಿ ಕಣ್ಣೆದುರಿಗಿತ್ತು, ಬಾಕಿದ್ದೆಲ್ಲ ಇರಲಿಲ್ಲ.

ಮಾರನೇ ದಿನ ಮೇಲಿನವರ ಹತ್ತಿರ ಹೋದೆ. ಪಟ್ಟಿ ಆಗಲೇ ಮುಂದೆ ಹೋಗಿದೆ, ಮುಂದಿನ ವರ್ಷ ನೋಡೋಣ ಅಂದರು. ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು. ಕೇಳಲಿಲ್ಲ. ಅದು ಈಗಲೂ ನನಗೆ ನೋವಿನ ವಿಷಯ.

ಅದೇ ಚಳಿಗಾಲದಲ್ಲಿ ಮೇಜಿನವರ ಇನ್ನೊಂದು ಜಗಳ ಸೆಬಾಸ್ಟಿಯನ್ ಕೋಸಾ ಬಗ್ಗೆ. 2021ರಲ್ಲಿ ಇನ್ನೊಂದು ತಂಡದ ಜೊತೆ ಸರದಿ ಬದಲಾಯಿಸಿಕೊಂಡು 15ನೇ ಜಾಗದಲ್ಲಿ ತೆಗೆದುಕೊಂಡ ಗೋಲಿ, ಅಂದರೆ ಗೋಲ್‌ಕೀಪರ್, ಅವನು. ಆ ಸೀಸನ್ನಿನಲ್ಲಿ ರೆಡ್ ವಿಂಗ್ಸ್‌ಗೆ ಹುಡುಗರನ್ನು ತಯಾರು ಮಾಡುವ ಕೆಳಗಿನ ಲೀಗಿನ ಗ್ರ್ಯಾಂಡ್ ರ‍್ಯಾಪಿಡ್ಸ್ ತಂಡದಿಂದ ಅವನನ್ನು ಇನ್ನೂ ಒಂದು ಮೆಟ್ಟಿಲು ಕೆಳಗೆ, ಟೊಲೀಡೊಗೆ ಕಳಿಸಿದ್ದರು. ಅಲ್ಲಿಗೆ ಹೋದ ಅಂದರೆ ಮುಗಿಯಿತು ಅಂತ ಮೇಜಿನ ಅರ್ಧ ಜನ ಅವನನ್ನು ಪಟ್ಟಿಯಲ್ಲಿ ತುಂಬಾ ಕೆಳಗೆ ತಳ್ಳಿದರು. ಹಿರಿಯರು ಒಂದು ಶನಿವಾರ ಸಂಜೆ ಸುಮಾರು ಒಂದು ಗಂಟೆ ಕಾರು ಓಡಿಸಿಕೊಂಡು ಟೊಲೀಡೊಗೆ ಹೋಗಿ ಆಟ ನೋಡಿ ಬಂದರು. ಸೋಮವಾರ ಬಂದು ಹೇಳಿದ್ದು ಇಷ್ಟು: ಅವನಿಗೆ ದಿನಾ ಆಟ ಸಿಗುತ್ತಿದೆ, ಗೋಲಿಗೆ ಬೇಕಾದದ್ದು ಅದೇ. ಗೋಲಿಗಳು ನಿಧಾನಕ್ಕೆ ಬರುತ್ತಾರೆ, ಇವರನ್ನು ಫಾರ್ವರ್ಡ್‌ಗಳ ಪಟ್ಟಿಯಲ್ಲಿ ಸೇರಿಸಿದ್ದೇ ನಮ್ಮ ತಪ್ಪು. ಆಮೇಲಿಂದ ಬೋರ್ಡಿನಲ್ಲಿ ಗೋಲಿಗಳಿಗೆ ಬೇರೆ ಪಟ್ಟಿ.

ಅವರು ಹೋಗಿ ನೋಡಿದರು. ನಾನು ಆ ಹುಡುಗನ ಚೇಂಬರ್ ಹತ್ತಿರ ಆರು ತಿಂಗಳಲ್ಲಿ ಎಷ್ಟು ಸಲ ನಿಂತಿದ್ದೆ? ನೆನಪಿಸಿಕೊಂಡರೆ ಮೂರು ಸಲ.

ಏಪ್ರಿಲ್‌ನಲ್ಲಿ ಅವನು ಹೋದಮೇಲೆ ಅವನ ನೋಟ್‌ಬುಕ್ ನನ್ನ ಕೈಗೆ ಬಂತು. ಒಂದೊಂದೇ ಹಾಳೆ ತಿರುವಿದೆ. ಚೇಂಬರಿನ ಎಂಟೂ ಮೂಲೆಗೆ ಅವನು ತಾನಾಗಿಯೇ ಥರ್ಮೋಕಪಲ್ ಕಟ್ಟಿ ವಾರಕ್ಕೊಮ್ಮೆ ಉಷ್ಣತೆ ಬರೆದಿಟ್ಟಿದ್ದ. ಹಿಂದಿನ ಎಡ ಮೂಲೆ ಯಾವಾಗಲೂ ಬೇರೆಯವಕ್ಕಿಂತ 4 ಡಿಗ್ರಿ ಕಡಿಮೆ. ಅಂದರೆ ಆ ಮೂಲೆಯಲ್ಲಿಟ್ಟ ಭಾಗಕ್ಕೆ ನಾವು ರಿಪೋರ್ಟಿನಲ್ಲಿ ಬರೆದಷ್ಟು ಬಿಸಿ ತಾಗಿಯೇ ಇಲ್ಲ. ಅಕ್ಟೋಬರಿನ ಒಂದು ಹಾಳೆಯಲ್ಲಿ "ಲೀಡ್‌ಗೆ ಹೇಳಿದೆ" ಅಂತ ಇತ್ತು. ಲೀಡ್ ನಾನೇ. ಹೌದು, ಹೇಳಿದ್ದ. ನೋಡೋಣ ಅಂದಿದ್ದೆ. ಚೇಂಬರ್ ನಿಲ್ಲಿಸಿ ಫ್ಯಾನು, ಸೆನ್ಸರ್ ಎರಡನ್ನೂ ಸರಿಮಾಡಿಸಿದೆವು, ಮೂರು ಪರೀಕ್ಷೆ ಮತ್ತೆ ಮಾಡಿದೆವು. ಐದು ರಿಪೋರ್ಟ್ ಅಂತ ನಾನು ಎಣಿಸಿದ ವರ್ಷ ಅದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕಥೆ ಕೇಳಿದವರು "ಹಾಗಾದರೆ ಕೊನೆಯಲ್ಲಿ ಇರುವವನೇ ನಿಜವಾದ ರತ್ನ" ಅಂದುಬಿಡುತ್ತಾರೆ. ಮೇಜಿನಲ್ಲೂ ಹೀಗೆ ಆಗುತ್ತದೆ. ಕೊನೇ ಸುತ್ತಿನ ಯಾವುದೋ ಹುಡುಗನ ಪರ ಮಾತಾಡುವವರು ತಕ್ಷಣ ದಾತ್ಸುಕ್, ಜೆಟರ್ಬರ್ಗ್ ಹೆಸರು ತೆಗೆಯುತ್ತಾರೆ. ಪಾವೆಲ್ ದಾತ್ಸುಕ್ 1998ರಲ್ಲಿ 171ನೆಯವನಾಗಿ ಬಂದ, ಹೆನ್ರಿಕ್ ಜೆಟರ್ಬರ್ಗ್ 1999ರಲ್ಲಿ 210ನೆಯವನಾಗಿ. ಇಬ್ಬರೂ 2008ರಲ್ಲಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆಲ್ಲಿಸಿದವರು, ಈ ಊರಿನ ದೇವರುಗಳು. ಹಿರಿಯರು ಇದನ್ನು ಒಪ್ಪುವುದಿಲ್ಲ. ಆ ಎರಡು ಹೆಸರು ನಿಮಗೆ ನೆನಪಿದೆ, ಅಷ್ಟೇ ತಡವಾಗಿ ಹೆಸರು ಕರೆಸಿಕೊಂಡು ಒಂದೂ ಆಟ ಆಡದೆ ಹೋದ ನೂರಾರು ಹುಡುಗರ ಹೆಸರು ನೆನಪಿಲ್ಲ ಅನ್ನುತ್ತಾರೆ. ಇದು ನನಗೆ ತುಂಬಾ ಸರಿ ಅನಿಸಿತು. ಸುಮ್ಮನಿರುವ ಹುಡುಗ ಅಂತ ಮೇಲೆ ಹಾಕುವುದೂ ನೋಡದೆ ಮಾಡಿದ ಪಟ್ಟಿಯೇ.

ಹಳೆಯ ಕಾಗದಗಳನ್ನು ಅವರು ತೆಗೆದು ತೋರಿಸುವುದು ನನಗೆ ಎಲ್ಲಕ್ಕಿಂತ ಇಷ್ಟ. 2018ರ ಹಾಳೆಯಲ್ಲಿ ಮೊದಲನೇ ಹೆಸರು ಫಿಲಿಪ್ ಜಡೀನಾ, ಅವರದೇ ಕೈಬರಹ. ಆ ವರ್ಷ ಅವನು ಆರನೇ ಜಾಗದವರೆಗೆ ಉಳಿದ ಅಂತ ಊರೆಲ್ಲ ಕುಣಿದಿತ್ತಂತೆ. ಡೆಟ್ರಾಯಿಟ್‌ಗೆ 190 ಆಟ ಆಡಿದ, 28 ಗೋಲು. 2023ರಲ್ಲಿ ಬಾಕಿ ಇದ್ದ 45 ಲಕ್ಷಕ್ಕೂ ಹೆಚ್ಚು ಡಾಲರ್ ಬಿಟ್ಟು ಕಾಂಟ್ರಾಕ್ಟ್ ಮುಗಿಸಿಕೊಂಡು ಹೋದ. 2019ರಲ್ಲಿ ಅದೇ ಆರನೇ ಜಾಗಕ್ಕೆ ಜರ್ಮನಿಯ ಮೊರಿಟ್ಜ್ ಸೈಡರ್ ಹೆಸರು ಕರೆದಾಗ ಹುಡುಗನಿಗೇ ನಂಬಲಾಗಲಿಲ್ಲ, ಟಿವಿಯಲ್ಲಿ ಅವನ ಮುಖ ನೋಡಿದರೆ ಗೊತ್ತಾಗುತ್ತದೆ. ಮೇಜಿನವರಿಗೆ ಸಿಟ್ಟು. ಅವನು 2021-22ರಲ್ಲಿ ಮೊದಲ ಸೀಸನ್ನಿನಲ್ಲೇ 50 ಪಾಯಿಂಟ್ ಮಾಡಿ, ಹೊಸ ಆಟಗಾರರಲ್ಲಿ ಶ್ರೇಷ್ಠನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ. ಎರಡೂ ಹಾಳೆ ಅವರು ಒಟ್ಟಿಗೆ ಪಿನ್ ಮಾಡಿ ಇಟ್ಟಿದ್ದಾರೆ. ಹೊಸದಾಗಿ ಮತ ಹಾಕುವವರಿಗೆ ಮೊದಲು ತೋರಿಸುವುದು ಅವನ್ನೇ.

ನಮ್ಮ ಆಫೀಸಿನಲ್ಲಿ ಹಳೆಯ ಪಟ್ಟಿಯನ್ನು ಯಾರೂ ತೆಗೆದು ನೋಡುವುದಿಲ್ಲ ಅಲ್ವಾ? ನಾನು ನೋಡುತ್ತೇನೆ ಈಗ. 2022ರದು ನನ್ನ ಡ್ರಾಯರಿನಲ್ಲಿದೆ, ಪಕ್ಕದಲ್ಲಿ ಒಬ್ಬೊಬ್ಬರು ಆಮೇಲೆ ಏನು ಮಾಡಿದರು ಅಂತ ಬರೆದಿದ್ದೇನೆ. ಮೊದಲ ಮೂರರಲ್ಲಿ ಒಬ್ಬಳು ನಿಜಕ್ಕೂ ಅಷ್ಟು ಒಳ್ಳೆಯವಳು, ಈಗ ಅರ್ಧ ಲ್ಯಾಬ್ ನಡೆಸುತ್ತಾಳೆ. ಉಳಿದದ್ದರಲ್ಲಿ ನನ್ನ ಅಂದಾಜು ಹೆಚ್ಚಿನ ಕಡೆ ತಪ್ಪಿದೆ. ಈಗ ಪಟ್ಟಿ ಮಾಡುವ ಕೆಲಸ ನನಗೆ ಸೆಪ್ಟೆಂಬರಿನಲ್ಲೇ ಶುರು. ತಿಂಗಳಿಗೆ ಎರಡು ಸಲ ಒಬ್ಬೊಬ್ಬರ ಪಕ್ಕ ಒಂದು ಗಂಟೆ ಕೂರುತ್ತೇನೆ, ನೋಡಿದ್ದನ್ನು ಅವತ್ತೇ ಬರೆಯುತ್ತೇನೆ. ಚೇಂಬರಿನವರಿಗೂ ವೈಬ್ರೇಷನ್‌ನವರಿಗೂ ಬೇರೆ ಹಾಳೆ. ಮೇಲಿನವರಿಗೆ ಇನ್ನೂ 1ರಿಂದ 9 ಬೇಕು, ಅದನ್ನು ಬದಲಿಸಲು ನನ್ನಿಂದ ಆಗಿಲ್ಲ. ಕೊಡುತ್ತೇನೆ, ಆದರೆ ಪ್ರತಿ ಹೆಸರಿನ ಮುಂದೆ ಸೇರಿದ ತಿಂಗಳು, ಯಾವ ಪರೀಕ್ಷೆ, ನಾನು ಕಣ್ಣಾರೆ ಕಂಡದ್ದೇನು ಅಂತ ಎರಡೆರಡು ಸಾಲು ಇರುತ್ತದೆ. ಮೀಟಿಂಗ್ ಉದ್ದವಾಗುತ್ತದೆ ಅಂತ ಗೊಣಗುತ್ತಾರೆ. ಗೊಣಗಲಿ.

2024ರ ಡಿಸೆಂಬರ್ 9ಕ್ಕೆ ಬಫಲೋದಲ್ಲಿ ಕೋಸಾನನ್ನು ಆಟದ ಮಧ್ಯೆ ಕಣಕ್ಕೆ ಇಳಿಸಿದರು. ಎನ್‌ಎಚ್‌ಎಲ್‌ನಲ್ಲಿ ಅವನ ಮೊದಲ ಆಟ. ಶೂಟೌಟ್‌ವರೆಗೆ ಹೋಗಿ ರೆಡ್ ವಿಂಗ್ಸ್ ಗೆದ್ದಿತು. ಮಾರನೇ ಬೆಳಿಗ್ಗೆ ಹಿರಿಯರು ಕಾಫಿ ಹಿಡಿದು ನನ್ನ ಟೇಬಲ್‌ಗೆ ಬಂದು, ಟೊಲೀಡೊ ಆಟದ ಟಿಕೆಟ್ ಇನ್ನೂ ಇದೆ ಅಂದರು, ಕಣ್ಣು ಒದ್ದೆಯಾಗಿತ್ತು.

ಅವತ್ತು ಮಧ್ಯಾಹ್ನ ನಾನು ಆ ಹುಡುಗನಿಗೆ ಮೆಸೇಜ್ ಮಾಡಿದೆ. ಹೋದಮೇಲೆ ಮೊದಲ ಸಲ. ನಿನ್ನ ನೋಟ್‌ಬುಕ್ ನೋಡಿದೆ, ಮೂಲೆಯ ವಿಷಯ ನೀನು ಹೇಳಿದ್ದೇ ಸರಿ, ಚೇಂಬರ್ ಸರಿಮಾಡಿಸಿದ್ದೇವೆ, ಪಟ್ಟಿಯಲ್ಲಿ ನಿನ್ನನ್ನು ಅಲ್ಲಿ ಹಾಕಿದ್ದು ನನ್ನ ತಪ್ಪು ಅಂತ ಬರೆದೆ. ಸಂಜೆವರೆಗೂ ಉತ್ತರ ಇಲ್ಲ. ಮನೆಗೆ ಹೊರಡುವ ಹೊತ್ತಿಗೆ ಒಂದು ಸಾಲು ಬಂತು. ಹೊಸ ಸೆನ್ಸರನ್ನು ಮೂಲೆಯ ಮೇಲೆ ಇಟ್ಟಿದ್ದೀರೋ ಕೆಳಗೋ ಅಂತ ಕೇಳಿದ್ದ. ನಾನು ಕೋಟು ಬಿಚ್ಚಿಟ್ಟು ನೋಡಲು ಲ್ಯಾಬಿಗೆ ವಾಪಸ್ ಹೋದೆ.