ತಾಮ್ರದ ಗೋಡೆ ಕೆಡುವುದು ಮೊಳೆಯಲ್ಲಿ

ಸ್ಯಾನ್ ಫ್ರಾನ್ಸಿಸ್ಕೋದ ಡಿ ಯಂಗ್ ಮ್ಯೂಸಿಯಂನ ಹೊಸ ಕಟ್ಟಡ 2005ರಲ್ಲಿ ಬಾಗಿಲು ತೆರೆದಿದ್ದು ತಾಮ್ರದ ತಗಡು ಹೊದಿಸಿದ ಗೋಡೆಯೊಂದಿಗೆ. ಕಡಲಗಾಳಿಗೆ ತಾಮ್ರ ಮೊದಲು ಕಂದಾಗುತ್ತದೆ, ವರ್ಷಗಳು ಕಳೆದಂತೆ ಹಸಿರು. ಆ ಕಿಲುಬೇ ತಗಡಿಗೆ ಕವಚ, ತಿಕ್ಕಬೇಡಿ. (ಹುಣಸೆಹಣ್ಣು ಅಡುಗೆಮನೆಯಲ್ಲೇ ಇರಲಿ.)

ಕೆಡುವುದು ಬೇರೆ ಕಡೆ. 3 ಮೀಟರ್ ಉದ್ದದ ತಗಡು 50 ಡಿಗ್ರಿ ಬಿಸಿ ಏರಿದರೆ ಸುಮಾರು 2.5 ಮಿ.ಮೀ. ಹಿಗ್ಗುತ್ತದೆ. ಎರಡೂ ತುದಿ ಬಿಗಿದರೆ ನಡುವೆ ಉಬ್ಬಿ, ಕೊನೆಗೆ ತಗಡುಗಳನ್ನು ಕೂಡಿಸುವ ಮಡಿಕೆಯೇ ಸೀಳುತ್ತದೆ. ತಗಡನ್ನು ಗೋಡೆಗೆ ಹಿಡಿಯಲು ಒಂದೆಡೆ ಸ್ಥಿರ ಕ್ಲಿಪ್, ಉಳಿದೆಡೆ ಜಾರುವ ಕ್ಲಿಪ್ ಹಾಕಿ. ಮೊಳೆ ತಾಮ್ರದ್ದೋ ಸ್ಟೇನ್‌ಲೆಸ್ ಸ್ಟೀಲಿನದೋ ಆಗಬೇಕು. ಜಿಐ (ಸತು ಲೇಪಿಸಿದ ಕಬ್ಬಿಣದ) ಮೊಳೆ ತೇವದಲ್ಲಿ ತಾಮ್ರಕ್ಕೆ ತಾಗಿ ತಾನೇ ಸವೆದುಹೋಗುತ್ತದೆ. ತಾಮ್ರದಿಂದ ಇಳಿದ ನೀರು ಅಲ್ಯೂಮಿನಿಯಂ ಕಿಟಕಿಯ ಮೇಲೆ ಬಿದ್ದರೂ ಅದೇ ಗತಿ. ಕೆಳಗಿನ ಅಂಚನ್ನು ಹೊರಕ್ಕೆ ಮಡಚಿ, ನೀರು ದೂರ ತೊಟ್ಟಿಕ್ಕಲಿ.